ಬಿಟ್ಟಿ ಬಂದ ಎಂಟು ಚೀಲ ಮಣ್ಣು

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಹೆಚ್ಚಿನ ದಿನ ಮಧುಗಿರಿಯಿಂದ ಪಾವಗಡಕ್ಕೆ, ಕೆಲವು ದಿನ ಕೊರಟಗೆರೆಗೆ, ವಾರಕ್ಕೆ ಎರಡು ದಿನ ಶಿರಾಕ್ಕೆ. ಟಿಕೆಟ್ ಮೆಷಿನ್ ಕೊರಳಿಗೆ ಹಾಕಿಕೊಂಡು ಹನ್ನೊಂದು ವರ್ಷ ಇದೇ ರಸ್ತೆಗಳಲ್ಲಿ ನಿಂತುಕೊಂಡೇ ಓಡಾಡಿದ್ದೇನೆ. ಹಾಗಾಗಿ ಯಾವ ಊರಲ್ಲಿ ಯಾರು ಏನು ಬಿಸಾಕುತ್ತಾರೆ ಎಂಬುದು ನನಗೆ ಬಾಯಿಪಾಠ. ಶಿರಾದ ಬೇಕರಿಯವರು ಎಣ್ಣೆ ಡಬ್ಬ ಬಿಸಾಕುತ್ತಾರೆ. ಕೊರಟಗೆರೆಯಲ್ಲಿ ಹೊಸ ಮನೆಗಳಿಗೆ ಬಣ್ಣ ಬಳಿಯುವವರು ಪೇಂಟಿನ ಬಕೆಟ್ ಬಿಟ್ಟು ಹೋಗುತ್ತಾರೆ. ಪಾವಗಡದ ಬಸ್‌ಸ್ಟ್ಯಾಂಡಿನ ಹಿಂದೆ ಮೀನು ಮಾರುವವನು ಥರ್ಮೋಕೋಲ್ ಡಬ್ಬಗಳನ್ನು ಗೋಡೆಗೆ ಒರಗಿಸಿಟ್ಟಿರುತ್ತಾನೆ. ಕೇಳಿದರೆ ಎಲ್ಲರೂ ಕೊಡುತ್ತಾರೆ.

ಮಧುಗಿರಿಯಲ್ಲಿ ನಮ್ಮದು ಬಾಡಿಗೆ ಮನೆ. ಮೇಲೆ ತಾರಸಿ ಇದೆ. ದುಡ್ಡು ಕೊಟ್ಟು ಒಂದೇ ಒಂದು ಕುಂಡವನ್ನೂ ತರಬಾರದು, ಒಂದು ಚೀಲ ಗೊಬ್ಬರವನ್ನೂ ಕೊಳ್ಳಬಾರದು ಎಂದು ಹಟ ತೊಟ್ಟು ಆ ತಾರಸಿಯ ಮೇಲೆ ತೋಟ ಮಾಡಿದ್ದೆ. ಮೊಳೆ ಕಾಯಿಸಿ ಬಕೆಟ್ಟುಗಳ ತಳಕ್ಕೆ ತೂತು ಹೊಡೆಯುತ್ತಿದ್ದೆ. ಕೆಳಗೆ ಇಟ್ಟಿಗೆ ಚೂರು, ಮೇಲೆ ತೆಂಗಿನ ನಾರಿನ ಪುಡಿ, ಅದರ ಜೊತೆಗೆ ಹುಲಿಕುಂಟೆಯ ಕಡೆಯಿಂದ ಬರುತ್ತಿದ್ದ ಪ್ರಯಾಣಿಕರೊಬ್ಬರು ತಂದುಕೊಡುತ್ತಿದ್ದ ಕುರಿಗೊಬ್ಬರ. ನಾರಿನ ಪುಡಿಯನ್ನು ಮೂರು ನೀರಿನಲ್ಲಿ ತೊಳೆಯದಿದ್ದರೆ ಗಿಡ ಏಳುವುದಿಲ್ಲ ಎಂದು ಎರಡು ಸಲ ಕೆಟ್ಟ ಮೇಲೆ ಕಲಿತೆ. ಬೀಜವೆಲ್ಲ ಅಡುಗೆಮನೆಯದ್ದೇ. ಮೆಂತ್ಯ, ಧನಿಯ, ಕೊಳೆತ ಟೊಮೆಟೊ. ಸಂತೆಯಿಂದ ತಂದ ಪುದೀನದ ಕಡ್ಡಿ ನೆಟ್ಟರೆ ಅದೇ ಎದ್ದು ಹಬ್ಬಿಕೊಂಡಿತು.

ನನ್ನ ಗಂಡ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕಾವಲಿನ ಕೆಲಸಕ್ಕಿದ್ದಾರೆ. ನಾಲ್ಕು ದಿನ ಅಲ್ಲಿ, ಎರಡು ದಿನ ಮನೆಯಲ್ಲಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ರಾಯಚರ್ಲು ಹತ್ತಿರದ ಅವರ ಹೊಲವನ್ನು ಸೋಲಾರ್‌ನವರು ಗುತ್ತಿಗೆಗೆ ತೆಗೆದುಕೊಂಡ ಮೇಲೆ ಅವರಿಗೆ ಮಾಡಲು ಕೆಲಸವಿರಲಿಲ್ಲ. ನಲವತ್ತು ವರ್ಷ ನೆಲಗಡಲೆ ಬೆಳೆದ ಹೆಂಗಸು, ನನ್ನ ಡಬ್ಬಗಳನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

"ಇದೇಮಿ ಸೇದ್ಯಂ ಅಮ್ಮಾಯಿ? ಬಕೇಟ್ನಾಗೆ ಬೇಸಾಯ ಮಾಡ್ತಾರಾ ಯಾರಾದ್ರೂ?"

ಅವರ ಮಾತೇ ಹಾಗೆ, ಅರ್ಧ ತೆಲುಗು, ಅರ್ಧ ಕನ್ನಡ. ನಾನು ಸೊಸೆಯಾಗಿ ಬಂದ ದಿನದಿಂದಲೂ ನನ್ನನ್ನು ಅಮ್ಮಾಯಿ ಎಂದೇ ಕರೆಯುವುದು. ನಗುತ್ತಿದ್ದರೂ ನಾನು ಡ್ಯೂಟಿಗೆ ಹೋದ ಮೇಲೆ ತಾರಸಿ ಹತ್ತಿ ಕಳೆ ಕೀಳುತ್ತಿದ್ದರು. ಸಾಯಂಕಾಲ ಬಂದು ನೋಡಿದರೆ ಡಬ್ಬದ ಮಣ್ಣು ಸಡಿಲವಾಗಿರುತ್ತಿತ್ತು. ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ.

ಕೊರಟಗೆರೆ ದಾರಿಯಲ್ಲಿ ಸಸಿ ಬೆಳೆಸಿ ಮಾರುವವರೊಬ್ಬರು ಆಗಾಗ ನನ್ನ ಬಸ್ಸು ಹತ್ತುತ್ತಿದ್ದರು. ಟ್ರೇಗಳಲ್ಲಿ ಟೊಮೆಟೊ ಸಸಿ, ಮೆಣಸಿನ ಸಸಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುವರು. ನನ್ನ ತೋಟದ ವಿಷಯ ಅವರಿಗೆ ಗೊತ್ತಿತ್ತು. ಒಂದು ದಿನ, "ಸಸಿಗೆ ಕಟ್ಟಿದ್ದ ನೆರಳುಬಲೆ ಒಂದು ತೆಗೀತಾ ಇದೀನಿ ಮೇಡಂ. ಮಣ್ಣು ತುಂಬಿರೋ ಗಿಡದ ಚೀಲ ಎಂಟು ಮಿಕ್ಕವೆ. ಬೇಕಾದ್ರೆ ತಗೊಂಡು ಹೋಗಿ," ಎಂದರು. ಮಣ್ಣು ತುಂಬಿದ ಚೀಲ ಎಂದರೆ ನನ್ನ ಪಾಲಿಗೆ ನಿಧಿ. ಮರುದಿನವೇ ಕೊರಟಗೆರೆ ಸ್ಟಾಪಿನಲ್ಲಿ ಅವರು ಚೀಲಗಳನ್ನು ತಂದಿಟ್ಟರು. ಜನ ಹತ್ತುವ ಗದ್ದಲದಲ್ಲಿ ಎಂಟನ್ನೂ ಹಿಂದಿನ ಸೀಟಿನ ಕೆಳಗೆ ತಳ್ಳಿದೆ. ನಮ್ಮ ಡ್ರೈವರ್ ಕನ್ನಡಿಯಲ್ಲಿ ನೋಡಿ, "ಇದೇನು ಬಸ್ಸಾ, ಗುಜರಿ ಗಾಡಿನಾ?" ಎಂದು ಗೊಣಗಿದರು.

ಮಣ್ಣು ಕಪ್ಪಗೆ, ಮೆತ್ತಗೆ ಇತ್ತು. ನಡುನಡುವೆ ರಾಗಿಗಿಂತ ಸ್ವಲ್ಪ ದಪ್ಪನೆಯ, ಬೂದು ಬಣ್ಣದ ಕಾಳುಗಳು. ಏನೋ ಗೊಬ್ಬರ ಬೆರೆಸಿದ್ದಾರೆ, ನನಗೆ ಅದೂ ಬಿಟ್ಟಿ ಬಂತು ಎಂದು ಹಿಗ್ಗಿದೆ. ಬರಿಗೈಯಲ್ಲೇ ಕಲಸಿ ದಂಟಿನ ಸೊಪ್ಪಿನ ಬೀಜ ಚೆಲ್ಲಿದೆ. ಆವತ್ತು ಸಾಯಂಕಾಲ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಬಿಸಿಲು ಬಡಿದಿದೆ ಎಂದು ಮಜ್ಜಿಗೆ ಕುಡಿದು ಮಲಗಿದೆ.

ದಂಟು ಎದ್ದು ನಿಂತ ಚೆಂದ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇಪ್ಪತ್ತೈದು ದಿನಕ್ಕೆ ಮೊಣಕಾಲುದ್ದ. ಬೇರೆ ಡಬ್ಬಗಳಲ್ಲಿ ಸೊಪ್ಪೆಲ್ಲ ಹುಳ ತಿಂದು ಜರಡಿಯಾಗಿದ್ದರೆ, ಈ ಎಂಟು ಚೀಲಗಳಲ್ಲಿ ಒಂದು ಎಲೆಗೂ ತೂತಿಲ್ಲ. ಫೋಟೊ ತೆಗೆದು ಡಿಪೋದಲ್ಲಿ ಎಲ್ಲರಿಗೂ ತೋರಿಸಿದೆ. ಹುಳ ಯಾಕೆ ಬರಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಆ ಸೊಪ್ಪನ್ನು ಇನ್ನೂ ಕೊಯ್ದಿರಲಿಲ್ಲ. ಅಷ್ಟರಲ್ಲಿ ಒಂದು ದಿನ ಬೆಳಗ್ಗೆ ನನಗೂ ಅತ್ತೆಗೂ ಮಾತಿಗೆ ಮಾತು ಬೆಳೆಯಿತು. ನಮ್ಮ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು. ನಾನು ಒಂದು ಕೊಡ ಒಳ್ಳೆಯ ನೀರನ್ನು ಗಿಡಕ್ಕೆ ಸುರಿದದ್ದನ್ನು ನೋಡಿ ಅವರು, "ಕುಡಿಯಾಕೆ ನೀರಿಲ್ಲ, ಸೊಪ್ಪಿಗೆ ಸ್ನಾನ ಮಾಡಿಸ್ತಾಳೆ," ಎಂದರು. ಡ್ಯೂಟಿಗೆ ಹೊತ್ತಾಗಿತ್ತು, ನನಗೂ ಸಿಟ್ಟು ಬಂತು.

"ನೋಡಕ್ಕಾಗ್ದಿದ್ರೆ ಮೇಲೆ ಬರಬೇಡಿ ಅತ್ತೆ. ಅಷ್ಟು ಕಷ್ಟ ಆದ್ರೆ ಊರಿಗೇ ಹೋಗಿ ಇದ್ಬುಡಿ," ಎಂದೆ.

ಊರಲ್ಲಿ ಅವರಿಗೆ ಏನಿತ್ತು? ಹೊಲದ ತುಂಬ ಗಾಜಿನ ಹಲಗೆಗಳು. ಅದು ನನಗೆ ಗೊತ್ತಿದ್ದೇ ಆ ಮಾತು ಆಡಿದ್ದೆ. ಅವರು ಕೊಡ ಎತ್ತಿಕೊಂಡು ಕೆಳಗಿಳಿದರು.

ಮಧ್ಯಾಹ್ನ ಪಾವಗಡದಿಂದ ಹಿಂದಿರುಗುವಾಗ ಮಿಡಿಗೇಶಿ ದಾಟುವ ಹೊತ್ತಿಗೆ ಫೋನು ಬಂತು. ಪಕ್ಕದ ಮನೆಯಾಕೆ. ಮೇಕೆ ಸಾಕಿಕೊಂಡು ಹಾಲು ಮಾರುವ ಹೆಂಗಸು, ನನಗಿಂತ ಚಿಕ್ಕವಳು.

"ಅಕ್ಕಾ, ನಿಮ್ಮತ್ತೆ ಬಾಯಾಗೆ ಜೊಲ್ಲು ಸುರೀತೈತೆ ಅಕ್ಕಾ! ಮೈಯೆಲ್ಲ ಬೆವರು, ಕೈಕಾಲು ಅದುರ್ತಾವೆ. ಮಾತೇ ಆಡ್ತಿಲ್ಲ. ಆಟೋದಾಗೆ ಆಸ್ಪತ್ರೆಗೆ ಕರ್ಕೊಂಡು ಹೋಯ್ತಾ ಇದೀನಿ, ಬೇಗ ಬಾರಕ್ಕಾ!"

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೋ ಚಿಲ್ಲರೆ ಕೇಳುತ್ತಿದ್ದರು, ನಾನು ಕೊಡುತ್ತಿದ್ದೆ. ಮಧುಗಿರಿಗೆ ಹೋಗುವವನೊಬ್ಬನಿಗೆ ಪಾವಗಡದ ಟಿಕೆಟ್ ಹರಿದುಕೊಟ್ಟೆ. ಆತ ತೋರಿಸಿದಾಗ ಅದರಲ್ಲಿ ಏನು ಬರೆದಿದೆ ಎಂದು ನನಗೆ ಓದಲಾಗಲಿಲ್ಲ. ಡ್ರೈವರ್‌ಗೆ ವಿಷಯ ಹೇಳಿದೆ. ಅವರು ಗಾಡಿಯ ವೇಗ ಹೆಚ್ಚಿಸಿದರು.

ಆಸ್ಪತ್ರೆಯಲ್ಲಿ ಅತ್ತೆಯ ಮೂಗಿಗೆ ನಳಿಕೆ ಹಾಕಿದ್ದರು. ಅವರ ಬಿಳಿ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವರ ಕಣ್ಣಿನ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಕಣ್ಣಿನ ಪಾಪೆ ಕುಗ್ಗಿ ಸಾಸಿವೆ ಕಾಳಿನಷ್ಟಾಗಿತ್ತು.

"ನೀವು ಸೊಸೆನಾ? ಏನು ಕುಡಿದಿದಾರೆ ಇವರು?"

"ಬಿಪಿ ಮಾತ್ರೆ ಬಿಟ್ರೆ ಏನಿಲ್ಲ ಡಾಕ್ಟ್ರೇ."

"ಮಾತ್ರೆ ಅಲ್ಲಮ್ಮ. ಹೊಲಕ್ಕೆ ಹೊಡೆಯೋ ಔಷಧಿ. ಮನೇಲಿ ಯಾವುದಿತ್ತು?"

"ನಮಗೆ ಹೊಲಾನೇ ಇಲ್ವಲ್ಲ."

"ಮುಚ್ಚಿಡಬೇಡಿ. ಇವರ ಮೈಯಲ್ಲಿ ವಿಷ ಇದೆ. ಯಾವುದು ಅಂತ ಗೊತ್ತಾದ್ರೆ ನನಗೂ ಸುಲಭ, ಅವರಿಗೂ ಒಳ್ಳೇದು. ಪೊಲೀಸ್‌ಗೆ ತಿಳಿಸ್ಲೇಬೇಕು, ಅದು ನಿಯಮ. ಹೆದರಬೇಡಿ."

ಊರಿಗೇ ಹೋಗಿ ಇದ್ಬುಡಿ. ನನ್ನದೇ ದನಿಯಲ್ಲಿ ಆ ಮಾತು ಕಿವಿಯೊಳಗೆ ಕೇಳಿಸಿತು. ಒಂದು ಮಾತಿಗೆ ಈಕೆ ಇಷ್ಟು ದೂರ ಹೋದರಾ? ವಿಷವನ್ನು ಎಲ್ಲಿಂದ ತಂದರು? ನರ್ಸ್ ಬಂದು ಮತ್ತೊಂದು ಇಂಜೆಕ್ಷನ್ ಕೊಟ್ಟರು, ಸ್ವಲ್ಪ ಹೊತ್ತಿಗೆ ಇನ್ನೊಂದು. ಪಕ್ಕದ ಹಾಸಿಗೆಯ ರೋಗಿಯ ಕಡೆಯವರು ನನ್ನ ಖಾಕಿ ಬಟ್ಟೆಯನ್ನೂ ಮುಖವನ್ನೂ ನೋಡಿ ತಮ್ಮತಮ್ಮಲ್ಲೇ ಏನೋ ಅಂದುಕೊಂಡರು. ಸೊಸೆ, ಮದ್ದು, ಎಂಬ ಎರಡು ಮಾತು ನನಗೆ ಕೇಳಿಸಿದವು.

ಎರಡು ಗಂಟೆಯೊಳಗೆ ನನ್ನ ಗಂಡ ಬೈಕಿನಲ್ಲಿ ಬಂದರು. ಮೈಮೇಲೆ ಕಾವಲಿನ ಸಮವಸ್ತ್ರ, ಕಣ್ಣಿನ ರೆಪ್ಪೆಯ ಮೇಲೂ ದೂಳು. ತಾಯಿಯ ಪಾದ ಮುಟ್ಟಿ ನನ್ನ ಹತ್ತಿರ ಬಂದರು. ದನಿ ತಗ್ಗಿಸಿ ಕೇಳಿದರು.

"ಬೆಳಗ್ಗೆ ಏನಾದ್ರೂ ಅಂದ್ಯಾ?"

ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಆ ದನಿಯಲ್ಲಿ ಏನನ್ನೂ ಕೇಳಿರಲಿಲ್ಲ. ಸುಳ್ಳು ಹೇಳಲಾಗಲಿಲ್ಲ. ಅಂದದ್ದನ್ನು ಅಂದ ಹಾಗೇ ಹೇಳಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತರು. ವಿಷ ಎಂದು ಡಾಕ್ಟರು ಹೇಳಿದಾಗ ಆದದ್ದಕ್ಕಿಂತ ದೊಡ್ಡ ಪೆಟ್ಟು ನನಗೆ ಆ ಬೆನ್ನು ಕೊಟ್ಟಿತು.

ಒಬ್ಬ ಮಹಿಳಾ ಪೊಲೀಸ್ ಬಂದರು. ವಿಷದ ಬಾಟಲಿ ಹುಡುಕಬೇಕೆಂದು ನನ್ನನ್ನೂ ಪಕ್ಕದ ಮನೆಯಾಕೆಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಬಚ್ಚಲು, ಕಸದ ಬುಟ್ಟಿ, ಮಂಚದ ಕೆಳಗೆ ನೋಡಿದ್ದಾಯಿತು. ಅತ್ತೆಯ ಟ್ರಂಕನ್ನು ನನ್ನ ಕೈಯಿಂದಲೇ ತೆಗೆಸಿದರು. ಅಷ್ಟು ವರ್ಷ ಅದನ್ನು ನಾನು ಮುಟ್ಟಿದವಳಲ್ಲ. ಎರಡು ಸೀರೆ, ಮಾವನವರ ಕನ್ನಡಕ, ಬಟ್ಟೆಯ ಗಂಟುಗಳು. ಪೊಲೀಸಮ್ಮ ಗಂಟು ಬಿಚ್ಚಿಸಿದರು. ಅವರೆ, ಅಲಸಂದೆ, ಸಜ್ಜೆ. ಹೊಲ ಬಿಟ್ಟು ಬರುವಾಗ ತಂದ ಬೀಜಗಳು. ಬಾಟಲಿ ಎಲ್ಲೂ ಇರಲಿಲ್ಲ.

ಅಡುಗೆಮನೆಯಲ್ಲಿ ಒಲೆಯ ಪಕ್ಕ ಒಂದು ಪಾತ್ರೆಗೆ ತಟ್ಟೆ ಮುಚ್ಚಿತ್ತು. ಒಳಗೆ ದಂಟಿನ ಸೊಪ್ಪಿನ ಸಾರು, ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಪಕ್ಕದ ಮನೆಯಾಕೆ ಹೇಳಿದಳು:

"ಬೆಳಗ್ಗೆ ಕಾಂಪೌಂಡ್ ಹತ್ರ ಕೂತು ಸೊಪ್ಪು ಸೋಸ್ತಾ ಇದ್ರು. ಅಮ್ಮಾಯಿ ಸಿಟ್ಟು ಮಾಡ್ಕೊಂಡು ಹೋಗವ್ಳೆ, ಅವಳ ಸೊಪ್ಪಿಂದೇ ಸಾರು ಮಾಡ್ಮಡಗ್ತೀನಿ, ಬಂದ್ ತಕ್ಷಣ ಉಣ್ಲಿ ಅಂತಂದ್ರು ಕಣಕ್ಕಾ."

ಅದನ್ನು ಹೇಳಿ ಅವಳು ಮೇಕೆಗೆ ನೀರಿಡಲು ತನ್ನ ಮನೆಯ ಹಿತ್ತಲಿಗೆ ಹೋದಳು. ಮರುಗಳಿಗೆ ಅಲ್ಲಿಂದ ಚೀರಿದ್ದು ಕೇಳಿಸಿತು. ನಾವಿಬ್ಬರೂ ಓಡಿದೆವು.

ಗೂಟಕ್ಕೆ ಕಟ್ಟಿದ್ದ ಮೇಕೆ ಕಾಲು ಚಾಚಿ ಬಿದ್ದಿತ್ತು. ಬಾಯಿಯ ಸುತ್ತ ನೊರೆ ಒಣಗಿತ್ತು. ಅದರ ಮುಂದೆ, ನಮ್ಮತ್ತೆ ದಿನವೂ ಕಾಂಪೌಂಡಿನ ಮೇಲಿಂದ ಹಾಕುವ ಹಾಗೆ ಹಾಕಿದ್ದ ಸೊಪ್ಪಿನ ಬೇರು, ಬಲಿತ ದಂಟು. ಅರ್ಧ ತಿಂದು ಅರ್ಧ ಬಿಟ್ಟಿತ್ತು. ಪೊಲೀಸಮ್ಮ ಮೇಕೆಯನ್ನು ನೋಡಿದರು, ದಂಟನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಆಗ ನನಗೆ ಮೊದಲು ಆದದ್ದು ಸಮಾಧಾನ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಅತ್ತೆ ನನ್ನ ಮಾತಿಗೆ ನೊಂದು ವಿಷ ಕುಡಿಯಲಿಲ್ಲ. ಸದ್ಯ, ಎಂದುಕೊಂಡೆ. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ವಿಷ ಹಾಕಿದವಳು ನಾನೇ. ನಾನೇ ಹೊತ್ತು ತಂದು, ನಾನೇ ಬಿತ್ತಿ, ಒಂದು ಕೊಡ ಒಳ್ಳೆಯ ನೀರು ಹಾಕಿ ಬೆಳೆಸಿದ್ದೆ.

ತಾರಸಿಗೆ ಹತ್ತಿದೆವು. ನಾನು ಚೀಲದ ಮಣ್ಣಿಗೆ ಕೈ ಹಾಕಲು ಹೋದಾಗ ಪೊಲೀಸಮ್ಮ ನನ್ನ ರಟ್ಟೆ ಹಿಡಿದು ಎಳೆದರು.

"ಮುಟ್ಬೇಡಿ ಮೇಡಂ! ಈ ಕಾಳು ನಂಗೊತ್ತು. ನಮ್ಮಪ್ಪ ದಾಳಿಂಬೆ ಬುಡಕ್ಕೆ ಹಾಕ್ತಾರೆ, ಬೇರು ತಿನ್ನೋ ಹುಳಕ್ಕೆ. ಕೈಗೆ ಕವರ್ ಕಟ್ಕೊಂಡು, ಮೂಗಿಗೆ ಟವೆಲ್ ಸುತ್ಕೊಂಡು ಹಾಕ್ತಾರೆ. ನೀವು ಇದ್ರಾಗೆ ಸೊಪ್ಪು ಬೆಳೆದ್ರಾ?"

ಬಗ್ಗಿದರೆ ಕೊಳೆತ ಬೆಳ್ಳುಳ್ಳಿಯಂಥ ಸಣ್ಣ ವಾಸನೆ ಬರುತ್ತಿತ್ತು. ಇಪ್ಪತ್ತೈದು ದಿನ ಅದೇ ವಾಸನೆಯ ನಡುವೆ ಓಡಾಡಿದ್ದೆ.

ಒಂದಿಷ್ಟು ಮಣ್ಣನ್ನೂ ಸಾರನ್ನೂ ಡಬ್ಬದಲ್ಲಿ ಮುಚ್ಚಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ನೋಡಿ, ಲಕ್ಷಣಕ್ಕೆ ಸರಿಹೊಂದುತ್ತದೆ, ಕೊಡುತ್ತಿರುವ ಇಂಜೆಕ್ಷನ್ನೇ ಇದಕ್ಕೂ ಮದ್ದು ಎಂದರು. "ಸ್ವಲ್ಪ ತಿಂದಿದಾರೆ, ಅದು ಪುಣ್ಯ. ಉಳಿದ ಸಾರನ್ನ ನೀವೆಲ್ಲ ಉಂಡಿದ್ರೆ ಅಷ್ಟೂ ಜನಕ್ಕೆ ಹಾಸಿಗೆ ಹೊಂದಿಸಬೇಕಿತ್ತು ನಾನು," ಎಂದರು.

ಕಟ್ಟೆಯ ಮೇಲೆ ಕೂತಿದ್ದ ಗಂಡನ ಹತ್ತಿರ ಹೋಗಿ, "ಅತ್ತೆ ಏನೂ ಕುಡಿದಿಲ್ಲ ರೀ. ನನ್ನ ಸೊಪ್ಪು," ಎಂದೆ. ಮುಂದಿನದನ್ನು ಪೊಲೀಸಮ್ಮನೇ ಹೇಳಬೇಕಾಯಿತು. ನನ್ನ ಗಂಡ ಬೈಯಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಬೆಳಗ್ಗೆ ಅತ್ತೆ ಕಣ್ಣು ತೆರೆದು ನಮ್ಮನ್ನು ಗುರುತಿಸಿದರು. ನಾಲಿಗೆ ಇನ್ನೂ ತೊದಲುತ್ತಿತ್ತು.

"ಅಮ್ಮಾಯಿ, ಸಾರು ತಿನ್ನಾವಾ?"

ಉಂಡೆಯಾ ಎಂದು ಕೇಳುತ್ತಿದ್ದರು. ನಾನು ಅಷ್ಟು ಜನರ ಮುಂದೆ ದನಿ ತೆಗೆದು ಅತ್ತುಬಿಟ್ಟೆ. ಸಾರಿನಲ್ಲಿ ಏನಿತ್ತು, ಯಾರಿಂದ ಬಂತು, ಎಲ್ಲವನ್ನೂ ಅವರ ಕೈ ಹಿಡಿದುಕೊಂಡು ಹೇಳಿದೆ. ಅವರಿಗೆ ಅದು ಎಷ್ಟು ತಿಳಿಯಿತೋ. ಆದರೆ ಅವರೇ ಮದ್ದು ಕುಡಿದಿದ್ದಾರೆಂದು ನಾವೆಲ್ಲ ಅಂದುಕೊಂಡಿದ್ದೆವು ಎಂಬ ಮಾತು ಬಂದಾಗ ಮಾತ್ರ ತಲೆಯನ್ನು ದಿಂಬಿನಿಂದ ಎತ್ತಿದರು. ನನ್ನನ್ನು ಬಿಟ್ಟು ಮಗನ ಕಡೆ ತಿರುಗಿದರು.

"ನೀನೂ ಅಂಗೇ ಅನ್ಕೊಂಡ್ಯೇನ್ಲಾ?"

ನನ್ನ ಗಂಡ ತಲೆ ತಗ್ಗಿಸಿದರು.

"ನಾನ್ಯಾಕ್ಲಾ ಮದ್ದು ಕುಡೀಲಿ? ಇವಳು ಒಂದಂದ್ರೆ ನಾನು ನಾಲ್ಕಂತೀನಿ. ಅಂದು ಉಣ್ತೀವಿ, ಉಂಡು ಮತ್ತೆ ಅಂತೀವಿ. ಅದ್ಕೆಲ್ಲ ಸಾಯ್ತಾರೇನ್ಲಾ? ನನ್ನ ಹೊಟ್ಟೇಲಿ ಹುಟ್ಟಿ ನಿಂಗೆ ಇಷ್ಟೂ ಗೊತ್ತಿಲ್ವಲ್ಲೋ!"

ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ನರ್ಸ್ ಬಂದು ಸುಮ್ಮನೆ ಮಲಗಿ ಅಜ್ಜಿ ಎಂದು ಗದರಿಸಬೇಕಾಯಿತು.

ಅತ್ತೆ ಮನೆಗೆ ಬಂದ ಮೇಲೆ ಸಸಿಯವರನ್ನು ಹುಡುಕಿಕೊಂಡು ಕೊರಟಗೆರೆಗೆ ಹೋದೆ. ಬಾಯಿಗೆ ಬಂದ ಹಾಗೆ ಬೈಯಬೇಕೆಂದೇ ಹೋಗಿದ್ದೆ. ವಿಷಯ ಕೇಳಿ ಅವರು ಕೈಯಲ್ಲಿದ್ದ ಟ್ರೇಯನ್ನು ನೆಲಕ್ಕಿಟ್ಟರು. ಮುಖ ಬಿಳಿಚಿಕೊಂಡಿತು.

"ಹೂವಿನ ಗಿಡಕ್ಕೆ ಮಾತ್ರ ಅಂತ ಹೇಳಿದ್ನಲ್ಲಾ ಮೇಡಂ? ಚೀಲ ಹತ್ತಿಸ್ವಾಗ ಹೇಳ್ದೆ, ಕಿಟಕಿ ಹತ್ರ ಬಂದೂ ಹೇಳ್ದೆ. ನೀವು ಆಯ್ತು ಆಯ್ತು ಅಂದ್ರಿ."

ಹೇಳಿದ್ದರೋ ಏನೋ. ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ಆ ದಿನದ ಗದ್ದಲ, ಚೀಲದ ಭಾರ ಮಾತ್ರ ನೆನಪಾಗುತ್ತದೆ. ಆಯ್ತು ಆಯ್ತು ಎಂದು ನಾನು ದಿನಕ್ಕೆ ನೂರು ಸಲ ಅನ್ನುತ್ತೇನೆ, ಯಾರು ಏನು ಹೇಳಿದರೂ. ಬೈಯಲು ಹೋದವಳು ಬೈಯದೆ ಬಂದೆ. ಅವರು ಆ ವಾರವೇ ಖರ್ಚು ಕೊಡುತ್ತೇನೆಂದು ಆಸ್ಪತ್ರೆಯ ಚೀಟಿ ಕೇಳಿಕೊಂಡು ನಮ್ಮ ಮನೆಗೆ ಬಂದು, ಅತ್ತೆಯ ಮುಂದೆ ನೆಲದ ಮೇಲೆ ಕೂತು ಹೋದರು. ಅತ್ತೆ ಅವರಿಗೆ ಕಾಫಿ ಮಾಡಿಸಿಕೊಟ್ಟರು.

ಆ ಮಣ್ಣನ್ನು ಏನು ಮಾಡುವುದೆಂದು ಕೃಷಿ ಇಲಾಖೆಯ ಒಬ್ಬರನ್ನು ಕೇಳಿದೆವು. ಕೆರೆ, ಬಾವಿ, ದನ ಮೇಯುವ ಜಾಗ ಎಲ್ಲದರಿಂದ ದೂರ ಆಳವಾಗಿ ಹೂಳಬೇಕು ಎಂದರು. ನನ್ನ ಗಂಡ ಕೈಗೆ ಗ್ಲೌಸು ಹಾಕಿಕೊಂಡು ಎಂಟು ಚೀಲವನ್ನೂ ಸಾಗಿಸಿದರು. ಪಕ್ಕದ ಮನೆಯಾಕೆಗೆ ಶಿರಾ ಸಂತೆಯಿಂದ ಮೇಕೆಮರಿ ತಂದುಕೊಟ್ಟೆ. ಬಸ್ಸಿನಲ್ಲೇ ತಂದೆ. ಡ್ರೈವರ್ ಈ ಸಲ ಏನೂ ಅನ್ನಲಿಲ್ಲ.

ಉಳಿದ ಡಬ್ಬಗಳನ್ನೂ ಬರಿದು ಮಾಡಿ ಗುಜರಿಗೆ ಹಾಕಲು ಕಟ್ಟಿಟ್ಟಿದ್ದೆ. ಒಂದು ದಿನ ಡ್ಯೂಟಿ ಮುಗಿಸಿ ಬಂದಾಗ ಅತ್ತೆ ತಾರಸಿಯಲ್ಲಿ ಹಗ್ಗ ಬಿಚ್ಚಿ ಡಬ್ಬಗಳನ್ನು ಸಾಲಾಗಿ ಇಡುತ್ತಿದ್ದರು. ಏದುಸಿರು ಬಿಡುತ್ತಿದ್ದರು. ನಾನು ಬೇಡ ಎಂದೆ. ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ ಎಂದೆ.

"ನಿನ್ನ ಕೈಲಿ ಬ್ಯಾಡ ಬುಡು. ಮಣ್ಣು ನಾನು ನೋಡ್ತೀನಿ. ನೀನು ನೀರು ತಾ."

ಈಗ ಯಾವ ಡಬ್ಬ ಬಂದರೂ ಅದರಲ್ಲಿ ಮೊದಲು ಏನಿತ್ತು ಎಂದು ಅತ್ತೆ ಕೇಳುತ್ತಾರೆ. ಪೇಂಟಿನ ಬಕೆಟ್ಟುಗಳಿಗೆ ಹೂವು. ಎಣ್ಣೆ ಡಬ್ಬಕ್ಕೆ ಸೊಪ್ಪು. ಗುರುತಿಲ್ಲದ ಡಬ್ಬ ಮೆಟ್ಟಿಲು ಹತ್ತುವ ಹಾಗೇ ಇಲ್ಲ. ಮಣ್ಣಿನಲ್ಲಿ ಎರೆಹುಳ ಕಾಣಿಸುವವರೆಗೆ ಬೀಜ ಹಾಕಲು ಬಿಡುವುದಿಲ್ಲ. ಎಲೆಗೆ ಹುಳ ಬಿದ್ದರೆ ನನ್ನನ್ನು ಕರೆದು ತೋರಿಸುತ್ತಾರೆ.

ಹೋದ ತಿಂಗಳು ಹೊಸ ಮಣ್ಣಿನಲ್ಲಿ ಮೊದಲ ಸಲ ಸೊಪ್ಪು ಕೊಯ್ದೆವು. ಸಾರು ನಾನೇ ಮಾಡಿದೆ. ಒಂದು ಮುದ್ದೆ ಮುರಿದು ನಾನೊಬ್ಬಳೇ ಉಂಡು, ಎರಡು ಗಂಟೆ ಕಾಯೋಣ ಅತ್ತೆ, ಆಮೇಲೆ ನಿಮಗೆ ಬಡಿಸುತ್ತೇನೆ ಎಂದು ಗಡಿಯಾರ ನೋಡುತ್ತ ಕೂತೆ. ಕೈ ಬೆವರುತ್ತಿತ್ತು. ಅದು ಸೊಪ್ಪಿನಿಂದಲೋ ಹೆದರಿಕೆಯಿಂದಲೋ ಎಂದು ನನ್ನ ನಾಡಿಯನ್ನು ನಾನೇ ಹಿಡಿದು ನೋಡಿಕೊಂಡೆ. ಹತ್ತು ನಿಮಿಷ ಅತ್ತೆ ನನ್ನನ್ನು ನೋಡಿದರು. ಆಮೇಲೆ ಎದ್ದು ತಾವೇ ಸೌಟು ತೆಗೆದುಕೊಂಡರು.

"ಎರಡು ಗಂಟೆ ಕಾದ್ರೆ ಮುದ್ದೆ ಕಲ್ಲಾಗ್ತದೆ ಅಮ್ಮಾಯಿ," ಎಂದು ತಟ್ಟೆಗೆ ಸಾರು ಬಿಟ್ಟುಕೊಂಡು ಉಣ್ಣತೊಡಗಿದರು. ಮತ್ತೆ ಸಾಸಿವೆ ಕಾಳಿನಷ್ಟು ಕುಗ್ಗುತ್ತವೇನೋ ಎಂದು ನಾನು ಅವರ ಕಣ್ಣಿನ ಪಾಪೆಗಳನ್ನೇ ನೋಡುತ್ತಿದ್ದೆ.